ನಲವತ್ತೈದು ಡಿಗ್ರಿಯ ಜಾಡು

ಗೋಡೆಗೆ ತೂಗುಹಾಕಿದ ದೇವರ ಪಟದ ಒಂದು ಮೂಲೆಯನ್ನು ಹತ್ತಿರದಿಂದ ನೋಡಿದರೆ ಎರಡು ಮರದ ಪಟ್ಟಿಗಳು ಓರೆಯಾಗಿ ಬಂದು ಕೂಡಿದ ಸಣ್ಣ ಗೆರೆ ಕಾಣುತ್ತದೆ. ಒಂದೊಂದು ಪಟ್ಟಿಯ ತುದಿಯನ್ನೂ 45 ಡಿಗ್ರಿಗೆ ಕೊಯ್ದಿರುತ್ತಾರೆ. ಎರಡೂ ಸೇರಿದಾಗ ಸರಿಯಾದ ಮೂಲೆಮಟ್ಟ. ಈ ಜೋಡಣೆಗೆ ಇಂಗ್ಲಿಷಿನಲ್ಲಿ ಮೈಟರ್ ಎಂದು ಹೆಸರು. ಬಿಷಪ್ಪರು ತಲೆಗೆ ಧರಿಸುವ ಚೂಪು ಕಿರೀಟಕ್ಕೂ ಅದೇ ಹೆಸರು. ಆ ಆಕಾರದಿಂದಲೇ ಜೋಡಣೆಗೆ ಹೆಸರು ಬಂದಿರಬಹುದೆಂಬ ಊಹೆಯಿದೆ.

ಕಣ್ಣಿಗೆ ಇಷ್ಟು ಸರಳವಾಗಿ ಕಾಣುವ ಗೆರೆಯನ್ನು ತಪ್ಪಿಲ್ಲದೆ ಕೂಡಿಸುವುದು ಬಡಗಿತನದ ಕಠಿಣ ಪರೀಕ್ಷೆಗಳಲ್ಲಿ ಒಂದು. ಲೆಕ್ಕ ಹೀಗಿದೆ. ಪಟದ ಚೌಕಟ್ಟಿಗೆ, ಅಂದರೆ ಕಟ್ಟಿಗೆ, ನಾಲ್ಕು ಮೂಲೆ, ಎಂಟು ಕೊಯ್ತ. ಪ್ರತಿ ಕೊಯ್ತವೂ ಒಂದೇ ಕಡೆಗೆ ಕಾಲು ಡಿಗ್ರಿ ತಪ್ಪಿದರೆ, ಮೂರು ಮೂಲೆಗಳನ್ನು ಬಿಗಿಯಾಗಿ ಕೂಡಿಸಿ ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಎಂಟು ತಪ್ಪುಗಳೂ ಅಲ್ಲಿ ಒಟ್ಟುಗೂಡಿ ಎರಡು ಡಿಗ್ರಿಯ ಸಂದು ಬಾಯಿ ತೆರೆಯುತ್ತದೆ. ಎರಡಂಗುಲ ಅಗಲದ ಪಟ್ಟಿಯಲ್ಲಿ ಅದು ಸುಮಾರು ಎರಡೂವರೆ ಮಿಲಿಮೀಟರ್ ಬಿರುಕು. ಯಾವ ಪುಟ್ಟಿ ತುಂಬಿದರೂ ಅದು ಮರೆಯಾಗುವುದಿಲ್ಲ.

ಆದ್ದರಿಂದಲೇ ಕೋನವನ್ನು ಕೈಯ ಅಂದಾಜಿಗೆ ಬಿಡದೆ ಸಲಕರಣೆಗೆ ಒಪ್ಪಿಸುವ ಪ್ರಯತ್ನ ಬಹಳ ಹಿಂದೆಯೇ ಶುರುವಾಯಿತು. ಲಂಡನ್ನಿನ ಜೋಸೆಫ್ ಮಾಕ್ಸನ್ ಮುದ್ರಕ, ಭೂಗೋಳಗಳನ್ನು ತಯಾರಿಸುತ್ತಿದ್ದವನು, ಎರಡನೆಯ ಚಾರ್ಲ್ಸ್ ದೊರೆಯ ಜಲನಕ್ಷೆಗಾರ. 1678ರ ಸುಮಾರಿಗೆ ಅವನು ಕೈಕಸುಬುಗಳ ಬಗ್ಗೆ ಕಂತುಕಂತಾಗಿ ಪುಸ್ತಕ ಪ್ರಕಟಿಸತೊಡಗಿದ. ಬಡಗಿಯ ಓರೆಮಟ್ಟವನ್ನೂ ಮೈಟರ್ ಪೆಟ್ಟಿಗೆಯನ್ನೂ ಅದರಲ್ಲಿ ವಿವರಿಸಿದ್ದಾನೆ. ಪೆಟ್ಟಿಗೆ ಎಂದರೆ ದೊಡ್ಡದೇನಲ್ಲ: ಮರದ ಚೌಕಟ್ಟಿನಲ್ಲಿ ಓರೆಯಾಗಿ ಕೊಯ್ದ ಸೀಳು. ಪಟ್ಟಿಯನ್ನು ಒಳಗೆ ಒತ್ತಿ ಹಿಡಿದು ಆ ಸೀಳಿನಲ್ಲಿ ಗರಗಸ ಆಡಿಸಿದರೆ ಕೋನ ತಾನಾಗಿ ಬರುತ್ತದೆ. ಗರಗಸ ಓಡಾಡಿದಂತೆ ಸೀಳು ಸವೆದು ಅಗಲವಾಗುತ್ತದೆ, ಕೋನ ಸಡಿಲವಾಗುತ್ತದೆ. ಆಗ ಹೊಸ ಪೆಟ್ಟಿಗೆ ಮಾಡಿಕೊಳ್ಳಬೇಕು.

ಇದಾಗಿ ನೂರು ವರ್ಷ ಕಳೆಯುವ ಹೊತ್ತಿಗೆ ಗರಗಸವೇ ದುಂಡಗಾಯಿತು.

ಇಂಗ್ಲೆಂಡಿನ ಸೌತಾಂಪ್ಟನ್‌ನ ಸ್ಯಾಮುಯೆಲ್ ಮಿಲ್ಲರ್ 1777ರಲ್ಲಿ ಮರ ಕೊಯ್ಯುವ ಯಂತ್ರವೊಂದಕ್ಕೆ ಪೇಟೆಂಟ್ ಪಡೆದ. ಅದರ ಒಕ್ಕಣೆಯಲ್ಲಿ ಚಕ್ರಗರಗಸದ ಪ್ರಸ್ತಾಪ ಹಾಗೇ ಬಂದು ಹೋಗುತ್ತದೆ. ತಾನೇ ಕಂಡುಹಿಡಿದೆನೆಂದು ಅವನು ಸಾರಿಲ್ಲ; ಅಂದರೆ ಆ ವಸ್ತು ಆಗಲೇ ಬಳಕೆಯಲ್ಲಿ ಇದ್ದಿರಬೇಕು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶೇಕರ್ ಪಂಥದ ಟ್ಯಾಬಿತಾ ಬ್ಯಾಬಿಟ್ ಎಂಬ ಹೆಣ್ಣುಮಗಳ ಕಥೆ ಇನ್ನೂ ಸೊಗಸು. ಇಬ್ಬರು ಗಂಡಸರು ಗರಗಸವನ್ನು ಹಿಂದೆ ಮುಂದೆ ಎಳೆಯುವಾಗ ಅರ್ಧ ಶ್ರಮ ವ್ಯರ್ಥವಾಗುವುದನ್ನು ನೋಡಿ ಆಕೆ 1813ರಲ್ಲಿ ನೂಲುವ ಚರಕದ ಅಚ್ಚಿಗೆ ಹಲ್ಲಿನ ತಗಡು ಸಿಕ್ಕಿಸಿದಳೆಂದು ಹೇಳುತ್ತಾರೆ. ಮಿಲ್ಲರನ ಪೇಟೆಂಟು ಆ ಹೊತ್ತಿಗೆ 36 ವರ್ಷ ಹಳೆಯದು. ಹಾಗಾಗಿ ಮೊದಲಿಗಳೆಂಬ ಪಟ್ಟ ಆಕೆಗೆ ಸಲ್ಲುವುದು ಕಷ್ಟ, ಆಕೆಯ ಸೂಕ್ಷ್ಮ ದೃಷ್ಟಿಯ ನೆನಪು ಮಾತ್ರ ಆ ಸಮುದಾಯದಲ್ಲಿ ಉಳಿಯಿತು.

ಚಕ್ರಗರಗಸದ ನಿಜವಾದ ಬಲ ಗೊತ್ತಾದದ್ದು ಪೋರ್ಟ್ಸ್‌ಮತ್ ಬಂದರಿನಲ್ಲಿ. ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ರಾಟೆಗಳು ಬೇಕಾಗಿದ್ದವು. ಹಾಯಿ ಎತ್ತಲು, ಇಳಿಸಲು, ತೋಪು ಎಳೆಯಲು. ಮಾರ್ಕ್ ಇಸಂಬಾರ್ಡ್ ಬ್ರೂನೆಲ್ ವಿನ್ಯಾಸ ಮಾಡಿ ಹೆನ್ರಿ ಮಾಡ್ಸ್ಲೆ ಕಟ್ಟಿಕೊಟ್ಟ ಯಂತ್ರಗಳ ಸಾಲು 1808ರ ವೇಳೆಗೆ ವರ್ಷಕ್ಕೆ 1,30,000 ರಾಟೆ ತಯಾರಿಸುತ್ತಿತ್ತು. 110 ಮಂದಿ ಕುಶಲಕರ್ಮಿಗಳ ಕೆಲಸವನ್ನು ಹತ್ತು ಮಂದಿ ಮಾಡಿದರೆಂಬುದು ಆ ಕಾಲದ ಲೆಕ್ಕ. ದಿಮ್ಮಿ ತುಂಡರಿಸುವ ಮೊದಲ ಕೆಲಸದಲ್ಲೇ ಅಲ್ಲಿ ಚಕ್ರಗರಗಸ ತಿರುಗುತ್ತಿತ್ತು.

ಆದರೆ ದಿಮ್ಮಿ ತುಂಡರಿಸುವುದು ಬೇರೆ, ಪಟದ ಕಟ್ಟಿನ ಮೂಲೆ ಕೂಡಿಸುವುದು ಬೇರೆ. ಕೈಗರಗಸದಲ್ಲಿ ಮರ ನಿಂತಿರುತ್ತದೆ, ಅಲಗು ಚಲಿಸುತ್ತದೆ. ಮೇಜಿನ ಗರಗಸದಲ್ಲಿ ಅಲಗು ಒಂದೇ ಜಾಗದಲ್ಲಿ ತಿರುಗುತ್ತದೆ, ಮರವೇ ಅದರತ್ತ ನಡೆದು ಹೋಗಬೇಕು. ನಡೆಯುವ ಮರ ಕೂದಲೆಳೆಯಷ್ಟೂ ಹೊರಳಬಾರದು. ಮಾಕ್ಸನ್‌ನ ಪೆಟ್ಟಿಗೆ ಗರಗಸಕ್ಕೆ ದಾರಿ ಹಾಕಿಕೊಟ್ಟಿತ್ತು. ಈಗ ಮರಕ್ಕೆ ದಾರಿ ಬೇಕಾಯಿತು. ಚಕ್ರಗರಗಸದ ಚರಿತ್ರೆ ಬರೆದವರು ಅಲಗಿನ ಸುತ್ತಲೇ ಸುತ್ತಿದ್ದಾರೆ. ಮರವನ್ನು ಅಲಗಿನ ಬಳಿಗೆ ಕೈಹಿಡಿದು ಕರೆದೊಯ್ಯುವ ಪುಟ್ಟ ಸಲಕರಣೆಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ಅದೇ ಮೈಟರ್ ಗೇಜ್. ಮೇಜಿನ ಮೇಲೆ ಅಲಗಿಗೆ ಸಮಾನಾಂತರವಾಗಿ ಕೊರೆದ ಜಾಡು. ಜಾಡಿನಲ್ಲಿ ಜಾರುವ ಉಕ್ಕಿನ ಪಟ್ಟಿ. ಪಟ್ಟಿಯ ಮೇಲೆ ತಿರುಗುವ ಅರ್ಧಚಂದ್ರ, ಅದರ ಅಂಚಿನಲ್ಲಿ ಡಿಗ್ರಿಯ ಗೀರುಗಳು. ಆ ಅರ್ಧಚಂದ್ರ ಮೇಜಿಗೂ ಮೊದಲು ಕೈಗರಗಸದ ಪೆಟ್ಟಿಗೆಯಲ್ಲೇ ಕಾಣಿಸಿಕೊಂಡಿತ್ತು. ಮ್ಯಾಸಚೂಸೆಟ್ಸ್‌ನ ಲ್ಯಾಂಗ್ಡನ್ 1864ರಲ್ಲಿ ಪೇಟೆಂಟ್ ಪಡೆದ ಕಬ್ಬಿಣದ ಮೈಟರ್ ಪೆಟ್ಟಿಗೆ ಒಂದೇ ಸೀಳಿಗೆ ಕಟ್ಟುಬಿದ್ದಿರಲಿಲ್ಲ. ಗರಗಸ ಹಿಡಿಯುವ ಕಂಬಗಳನ್ನು ತಿರುಗಿಸಿ ಬೇಕಾದ ಕೋನಕ್ಕೆ ನಿಲ್ಲಿಸಬಹುದಿತ್ತು.

ಇಂಥ ಸಲಕರಣೆಗಳಿಗೆ ಬೇಡಿಕೆ ಹೆಚ್ಚಿದ್ದಕ್ಕೆ ಫೋಟೊ ಮತ್ತು ಬಣ್ಣದ ಮುದ್ರಣ ದೊಡ್ಡ ಕಾರಣ. ಗೋಡೆಗೆ ಚಿತ್ರ ಬಂದರೆ ಚಿತ್ರಕ್ಕೆ ಕಟ್ಟು ಬೇಕು. ಕರ್ನಾಟಕಕ್ಕೂ ಈ ಕಥೆಗೂ ನಂಟು ಇರುವುದು ಇಲ್ಲಿಯೇ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮನ ಮುದ್ರಣಾಲಯದ ಲಕ್ಷ್ಮಿ, ಸರಸ್ವತಿಯರು ಇಲ್ಲಿನ ಪಡಸಾಲೆಗಳಿಗೂ ಬಂದರು. ಬಾಗಿಲ ಚೌಕಟ್ಟನ್ನು ತೂತು ಕೊರೆದು, ನಾಲಗೆ ಕೂರಿಸಿ, ಮರದ ಮೊಳೆ ಜಡಿದು ನಿಲ್ಲಿಸುವ ಮನೆಯಲ್ಲಿ ಓರೆ ಮೂಲೆಯ ಹಗುರ ಕಟ್ಟಿಗೂ ಜಾಗವಾಯಿತು. ‘ಪಟಕ್ಕೆ ಕಟ್ಟು ಹಾಕಿಸುವುದು’ ಎಂಬ ಮಾತು ಕನ್ನಡದಲ್ಲಿ ಇಂದಿಗೂ ಜೀವಂತವಾಗಿದೆ.

ಇತ್ತ ಜರ್ಮನಿಯಲ್ಲಿ ವಿಲ್ಹೆಲ್ಮ್ ಆಲ್ಟೆನ್‌ಡಾರ್ಫ್ 1906ರಲ್ಲಿ ಬೇರೆಯೇ ದಾರಿ ಹಿಡಿದ: ಸಣ್ಣ ಗೇಜ್ ಜಾರಿಸುವ ಬದಲು ಮೇಜಿನ ಒಂದು ಭಾಗವೇ ಮರವನ್ನು ಹೊತ್ತು ಜಾರುವಂತೆ ಮಾಡಿದ. ಯುರೋಪಿನ ದೊಡ್ಡ ಕಾರ್ಖಾನೆಗಳು ಆ ಕಡೆ ವಾಲಿದವು. ಅಮೆರಿಕ ಜಾಡಿಗೇ ಅಂಟಿಕೊಂಡಿತು. 1919ರಲ್ಲಿ ಮಿಲ್ವಾಕಿಯಲ್ಲಿ ಹರ್ಬರ್ಟ್ ಟಾಟ್ಜ್ ಆರಂಭಿಸಿದ ಡೆಲ್ಟಾ ಕಂಪನಿ ಮನೆಯ ಹಿತ್ತಿಲಲ್ಲಿ ಮರಗೆಲಸ ಮಾಡುವವರಿಗೂ ಯಂತ್ರ ಒದಗಿಸಿತು. ಆವರೆಗಿನ ಎಷ್ಟೋ ಯಂತ್ರಗಳಲ್ಲಿ ಅಲಗು ನೆಟ್ಟಗೆ ನಿಂತಿರುತ್ತಿತ್ತು, ಬೇರೆ ಓರೆ ಬೇಕಾದರೆ ಮೇಜನ್ನೇ ವಾಲಿಸಬೇಕಿತ್ತು. ವಾಲಿದ ಮೇಜಿನ ಮೇಲೆ ಗೇಜ್ ಹಿಡಿದು ಭಾರದ ಹಲಗೆ ತಳ್ಳುವವನ ಪಾಡನ್ನು ಊಹಿಸಿಕೊಳ್ಳಬಹುದು. ಡೆಲ್ಟಾ 1939ರಲ್ಲಿ ಹೊರತಂದ ಯೂನಿಸಾದಲ್ಲಿ ಮೇಜು ಸಮತಟ್ಟಾಗಿಯೇ ಉಳಿಯಿತು, ಅಲಗು ವಾಲಿತು. ಗೇಜಿನ ನಡೆ ಅಲ್ಲಿಂದ ಸಲೀಸಾಯಿತು. ಮುಕ್ಕಾಲು ಅಂಗುಲ ಅಗಲ, ಅಂಗುಲದ ಎಂಟರಲ್ಲಿ ಮೂರು ಭಾಗ ಆಳದ ಜಾಡು ಅಮೆರಿಕದ ಯಂತ್ರಗಳಲ್ಲಿ ವಾಡಿಕೆಯ ಅಳತೆಯಾಯಿತು.

ಗೇಜ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಈ ಅಳತೆಯನ್ನೇ. ಸಣ್ಣ, ಹೊತ್ತೊಯ್ಯುವ ಯಂತ್ರಗಳಲ್ಲಿ ಜಾಡಿನ ಅಗಲ ಬೇರೆಬೇರೆ ಇರುವುದುಂಟು. ಪಟ್ಟಿ ಜಾಡಿನಲ್ಲಿ ಬೆರಳಿನಿಂದ ತಳ್ಳಿದರೆ ಸಾಗಬೇಕು, ಅಕ್ಕಪಕ್ಕಕ್ಕೆ ಅಲುಗಬಾರದು. ಅಲುಗಿದರೆ ಹಳೆಯ ಮಿಸ್ತ್ರಿಗಳ ಉಪಾಯವೊಂದಿದೆ: ಪಟ್ಟಿಯ ಅಂಚಿಗೆ ಸೆಂಟರ್ ಪಂಚ್ ಇಟ್ಟು ಸುತ್ತಿಗೆಯಿಂದ ಹಗುರವಾಗಿ ಬಡಿದರೆ ಗುಳಿಯ ಸುತ್ತ ಉಕ್ಕು ಉಬ್ಬುತ್ತದೆ. ನಾಲ್ಕಾರು ಕಡೆ ಹಾಗೆ ಬಡಿದು, ಉಬ್ಬು ಹೆಚ್ಚಾದಲ್ಲಿ ಅರ ಆಡಿಸಿದರೆ ಸಡಿಲ ಮಾಯ. ಹೊಸ ಗೇಜುಗಳಲ್ಲಿ ಇದೇ ಕೆಲಸಕ್ಕೆ ಸಣ್ಣ ತಿರುಪುಗಳಿರುತ್ತವೆ.

ಗೇಜ್ ಎಷ್ಟೇ ಒಳ್ಳೆಯದಿರಲಿ, ಜಾಡೇ ಅಲಗಿಗೆ ಓರೆಯಾಗಿದ್ದರೆ ಕೋನ ಕೂಡುವುದಿಲ್ಲ. ಆದ್ದರಿಂದ ಯಂತ್ರದ ಪ್ಲಗ್ ಕಿತ್ತು, ಅಲಗಿನ ಒಂದು ಹಲ್ಲಿಗೆ ಗುರುತು ಹಾಕಿ, ಜಾಡಿನಿಂದ ಆ ಹಲ್ಲಿಗೆ ಇರುವ ದೂರವನ್ನು ಮುಂಭಾಗದಲ್ಲೊಮ್ಮೆ, ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಅಳೆಯುತ್ತಾರೆ. ವ್ಯತ್ಯಾಸವಿದ್ದರೆ ಬೋಲ್ಟ್ ಸಡಿಲಿಸಿ ಸರಿಮಾಡಬೇಕು. ಇದಾದ ಮೇಲೆ ಗೇಜನ್ನು ನೇರಕ್ಕೆ ನಿಲ್ಲಿಸುವ ಸರದಿ. ಇಲ್ಲಿ ಐದು ಕೊಯ್ತದ ಪರೀಕ್ಷೆ ಮನಸೆಳೆಯುವಷ್ಟು ಜಾಣತನದ್ದು. ಒಂದು ಪ್ಲೈವುಡ್ ತುಂಡಿನ ನಾಲ್ಕೂ ಬದಿಗಳನ್ನು, ಆಗಷ್ಟೇ ಕೊಯ್ದ ಅಂಚು ಗೇಜಿಗೆ ಒರಗುವಂತೆ ತಿರುಗಿಸುತ್ತ, ಒಂದಾದ ಮೇಲೊಂದು ಕೊಯ್ಯುತ್ತಾರೆ. ಐದನೆಯ ಬಾರಿ ಮೊದಲ ಬದಿಯಿಂದಲೇ ಒಂದು ಸೀಳು ತೆಗೆಯುತ್ತಾರೆ. ಆ ಸೀಳಿನ ಎರಡು ತುದಿಗಳ ಅಗಲದಲ್ಲಿರುವ ವ್ಯತ್ಯಾಸ ಗೇಜಿನ ತಪ್ಪಿನ ನಾಲ್ಕು ಪಟ್ಟು. ಕಣ್ಣಿಗೆ ಕಾಣದ ತಪ್ಪು ಹೀಗೆ ಹಿಗ್ಗಿ ಕ್ಯಾಲಿಪರ್ ಬಾಯಿಗೆ ಸಿಕ್ಕಿಬೀಳುತ್ತದೆ.

ಗೇಜಿನ ಮುಖ ಗಿಡ್ಡ. 45 ಡಿಗ್ರಿಯಲ್ಲಿ ಅಲಗು ಮರವನ್ನು ಪಕ್ಕಕ್ಕೆ ಎಳೆಯುತ್ತದೆ. ಆದ್ದರಿಂದ ಗೇಜಿನ ಮುಖಕ್ಕೆ ಉದ್ದನೆಯ ಮರದ ಪಟ್ಟಿಯೊಂದನ್ನು ತಿರುಪಿನಿಂದ ಬಿಗಿದು ಮೇಲೆ ಮರಳುಕಾಗದ ಅಂಟಿಸುತ್ತಾರೆ. ಮರವನ್ನು ಉದ್ದಕ್ಕೆ ಸೀಳುವಾಗ ಅದು ಒರಗಿ ಸಾಗುವ ಉದ್ದನೆಯ ತಡೆಪಟ್ಟಿಯನ್ನು, ಅಂದರೆ ಬೇಲಿಯನ್ನು, ಗೇಜಿನ ಜೊತೆಯಲ್ಲಿ ಎಂದೂ ಬಳಸಬಾರದು. ಕೊಯ್ದ ತುಂಡು ಬೇಲಿಗೂ ಅಲಗಿಗೂ ನಡುವೆ ಸಿಕ್ಕಿ ಕೆಲಸಗಾರನತ್ತ ಚಿಮ್ಮುತ್ತದೆ, ಬೆರಳುಗಳನ್ನೇ ಬಲಿ ತೆಗೆದುಕೊಳ್ಳಬಹುದು.

ಕೊನೆಯ ಪರೀಕ್ಷೆಗೆ ಅಂಕಿಗಳು ಬೇಕಿಲ್ಲ. ಕಸದ ಬುಟ್ಟಿಯಿಂದ ಎರಡು ತುಂಡು ಆರಿಸಿ, 45ಕ್ಕೆ ಕೊಯ್ದು, ಓರೆಗಳನ್ನು ಕೂಡಿಸಿ ಮೂಲೆಮಟ್ಟದೊಳಗೆ ಒತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಒಳಮೂಲೆಯಲ್ಲಿ ಬೆಳಕು ತೂರಿದರೆ ಅರ್ಧಚಂದ್ರವನ್ನು ಒಂದು ಕಡೆಗೆ, ಹೊರತುದಿಯಲ್ಲಿ ತೂರಿದರೆ ಇನ್ನೊಂದು ಕಡೆಗೆ ತುಸು ಸರಿಸಿ ಮತ್ತೆ ಕೊಯ್ಯುತ್ತಾರೆ. ಬೆಳಕು ಎಲ್ಲಿಯೂ ಕಾಣದಾದಾಗ ತಿರುಪು ಬಿಗಿದು, ಕಟ್ಟಿನ ಒಳ್ಳೆಯ ಮರವನ್ನು ಕೈಗೆತ್ತಿಕೊಳ್ಳುತ್ತಾರೆ.