ಹಬ್ಬದ ಹೆಸರುಗಳಲ್ಲಿ ಅಡಗಿರುವ ಇತಿಹಾಸ

ಶಿಲಾಶಾಸನಗಳಲ್ಲಿರುವಂತೆ ಮಾತುಗಳಲ್ಲಿಯೂ ಇತಿಹಾಸವು ಉಳಿದುಬರುತ್ತದೆ. ಪ್ರತಿವರ್ಷ ಡಿಸೆಂಬರ್ ತಿಂಗಳಲ್ಲಿ ನಾವು ಉಚ್ಚರಿಸುವ ಕೆಲವು ಪದಗಳ ವ್ಯಾಕರಣವನ್ನು ಬಿಡಿಸಿ ನೋಡಿದರೆ, ಧರ್ಮಸಭೆಯು ನಡೆದುಬಂದ ದಾರಿಯೇ ಅಲ್ಲಿ ಗೋಚರಿಸುತ್ತದೆ.

ಹಬ್ಬದ ಮುಂಚಿನ ನಾಲ್ಕು ಭಾನುವಾರಗಳ ಅವಧಿಗೆ ಲತೀನ್ ಭಾಷೆಯಲ್ಲಿ ‘ಅದ್ವೆಂತುಸ್’ ಎಂದೂ ಕನ್ನಡದಲ್ಲಿ ‘ಆಗಮನ ಕಾಲ’ ಎಂದೂ ಹೆಸರು. ಲತೀನ್ ಪದದಲ್ಲಿ ‘ಅದ್’ ಉಪಸರ್ಗಕ್ಕೆ ‘ಬರು’ ಎಂಬರ್ಥದ ಧಾತು ಸೇರಿದೆ. ‘ಆಗಮನ’ದಲ್ಲಿ ‘ಆ’ ಉಪಸರ್ಗಕ್ಕೆ ಸಂಸ್ಕೃತದ ‘ಗಮ್’ ಧಾತು ಸೇರಿದೆ. ಈ ಎರಡು ಧಾತುಗಳೂ ಒಂದೇ ಮೂಲದಿಂದ ಕವಲೊಡೆದವೆಂಬುದು ಭಾಷಾಶಾಸ್ತ್ರಜ್ಞರ ಮತ. ರೋಮನ್ ಚಕ್ರವರ್ತಿಯ ವೈಭವಯುತ ಪುರಪ್ರವೇಶಕ್ಕೂ ಇದೇ ಹೆಸರಿತ್ತು. ಧರ್ಮಸಭೆಯು ಅದನ್ನು ಗೋದಲಿಯಲ್ಲಿ ಮಲಗಿದ ಅರಸರ ಆಗಮನಕ್ಕೆ ಸಲ್ಲಿಸಿತು.

ಯೇಸುಸ್ವಾಮಿಯವರ ಜನನದ ದಿನಾಂಕವನ್ನು ಶುಭಸಂದೇಶಗಳು ತಿಳಿಸುವುದಿಲ್ಲ. ರೋಮಿನಲ್ಲಿ ಕ್ರಿ.ಶ. 354ರಲ್ಲಿ ಸಂಕಲಿತವಾದ ಪಂಚಾಂಗವೊಂದರಲ್ಲಿ ಅದು ಡಿಸೆಂಬರ್ 25 ಎಂದು ದಾಖಲಾಗಿದೆ. ಚಳಿಗಾಲದ ದೀರ್ಘ ರಾತ್ರಿಗಳು ಕುಗ್ಗಿ ಹಗಲು ಬೆಳೆಯತೊಡಗುವ ಆ ಕಾಲದ ಔಚಿತ್ಯವನ್ನು ಸಂತ ಅಗಸ್ಟೀನರು ತಮ್ಮ ಪ್ರಬೋಧನೆಗಳಲ್ಲಿ ಎತ್ತಿ ಹೇಳಿದ್ದಾರೆ. ಲತೀನಿನ ‘ನತಾಲಿಸ್’ ಎಂಬುದು ‘ಜನನದ’ ಎಂಬರ್ಥದ ವಿಶೇಷಣ. ‘ದಿನ’ ಎಂಬ ನಾಮಪದವು ಲೋಪವಾಗಿ ವಿಶೇಷಣವೇ ಹಬ್ಬದ ಹೆಸರಾಯಿತು. ಅದೇ ಪೋರ್ಚುಗೀಸರ ‘ನತಾಲ್’; ಗೋವೆಯಿಂದ ಕೆನರಾ ಪ್ರಾಂತ್ಯಕ್ಕೆ ವಲಸೆ ಬಂದ ಕ್ರೈಸ್ತರ ಕೊಂಕಣಿಯಲ್ಲಿ ‘ನತಾಲಾಂ’.

‘ಗೋದಲಿ’ ಎಂಬುದು ದನಗಳಿಗೆ ಮೇವು ಹಾಕುವ ತೊಟ್ಟಿಗೆ ನಮ್ಮ ರೈತರು ಇಟ್ಟ ಹೆಸರು. 1223ರಲ್ಲಿ ಇಟಲಿಯ ಗ್ರೆಚ್ಚೊ ಗ್ರಾಮದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿಯನ್ನೂ ಎತ್ತು, ಕತ್ತೆಗಳನ್ನೂ ಇರಿಸಿ ಬಲಿಪೂಜೆ ನಡೆಯುವಂತೆ ಮಾಡಿದರು. ಕನ್ನಡದಲ್ಲಿ ಆ ತೊಟ್ಟಿಯ ಹೆಸರೇ ಇಡೀ ಜನನದೃಶ್ಯಕ್ಕೆ ಸಂದಿದೆ.

ಇಂಗ್ಲಿಷಿನ ‘ಕ್ರಿಸ್ಮಸ್’ ಪದದ ಹಳೆಯ ರೂಪದಲ್ಲಿ ಷಷ್ಠೀ ವಿಭಕ್ತಿಯು ಸ್ಪಷ್ಟವಾಗಿದೆ: ಕ್ರಿಸ್ತನ ಬಲಿಪೂಜೆ. ನಮ್ಮ ‘ಕ್ರಿಸ್ತಜಯಂತಿ’ಯೂ ಷಷ್ಠೀ ತತ್ಪುರುಷ ಸಮಾಸವೇ. ಕೆಲವರು ‘ಎಕ್ಸ್‌ಮಸ್’ ಎಂದು ಬರೆದಾಗ ಕ್ರಿಸ್ತನ ಹೆಸರನ್ನೇ ಅಳಿಸಿದರೆಂದು ನೊಂದುಕೊಳ್ಳಬೇಕಾಗಿಲ್ಲ. ಅದು ಗ್ರೀಕ್ ಭಾಷೆಯಲ್ಲಿ ಕ್ರಿಸ್ತನಾಮದ ಮೊದಲ ಅಕ್ಷರ. ಆ ಪದದ ಕೊನೆಯಲ್ಲಿರುವ ‘ಮಸ್’ ಬಂದಿರುವುದು ‘ಮಿಸ್ಸಾ’ ಎಂಬ ಲತೀನ್ ಪದದಿಂದ. ಅದಕ್ಕೆ ಮೂಲ ‘ಕಳುಹಿಸು’ ಎಂಬರ್ಥದ ಧಾತು. ಪೂಜೆಯ ಅಂತ್ಯದಲ್ಲಿ ಗುರುಗಳು ಜನರನ್ನು ಬೀಳ್ಕೊಡುವ ಮಾತಿನಲ್ಲಿ ಆ ಪದವಿತ್ತು. ನಮ್ಮ ಹಿರಿಯರು ಅದನ್ನು ಲತೀನಿನಲ್ಲೇ ಕೇಳಿದರು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪ್ರಕಟಿಸಿದ ಆರಾಧನಾ ಸಂವಿಧಾನವು ಪೂಜೆಯಲ್ಲಿ ಮಾತೃಭಾಷೆಗೆ ದ್ವಾರ ತೆರೆಯಿತು.

ಆಗಮನದಿಂದ ಆರಂಭವಾಗುವ ಹಬ್ಬವು ಕಳುಹಿಸುವಿಕೆಯಲ್ಲಿ ಪೂರ್ಣವಾಗುತ್ತದೆ. ಪ್ರಭು ನಮ್ಮ ಬಳಿಗೆ ಬರುತ್ತಾರೆ. ನಾವು ನೆರೆಯವರ ಬಳಿಗೆ ಕಳುಹಿಸಲ್ಪಡುತ್ತೇವೆ. ಈ ಅರ್ಥವು ಮರೆತುಹೋದರೆ ಉಳಿಯುವುದು ರಜೆ, ತಿಂಡಿ, ದೀಪಾಲಂಕಾರಗಳು ಮಾತ್ರ. ಆದುದರಿಂದ ಗೋದಲಿಯನ್ನು ಕಟ್ಟುವ ಮಕ್ಕಳಿಗೆ ಹುಲ್ಲು, ಬಿದಿರುಗಳ ಜೊತೆಗೆ ಈ ಪದಗಳ ಅರ್ಥವನ್ನೂ ಒಪ್ಪಿಸೋಣ.