ಸೋಂಕು: ಪದವೂ ಅರ್ಥವೂ

ಸೋಂಕು (ಕ್ರಿ.) ತಾಗು, ಮುಟ್ಟು, (ನಾ.) ಸ್ಪರ್ಶ, ರೋಗಾಣು ದೇಹವನ್ನು ಹೊಕ್ಕಿರುವ ಸ್ಥಿತಿ.

2020ರ ಮಾರ್ಚ್ ಕೊನೆಯಲ್ಲಿ ತುಮಕೂರು ಜಿಲ್ಲೆಯ ಮೊದಲ ಕೊರೋನಾ ಮರಣವು ಶಿರಾದಿಂದ ವರದಿಯಾದಂದಿನಿಂದ ಮಧುಗಿರಿ, ಕೊರಟಗೆರೆಗಳ ಸಂತೆಬೀದಿಗಳಲ್ಲಿಯೂ ನಿತ್ಯದ ಮಾತಾಗಿಹೋದ ಈ ಪದವು ಅಚ್ಚಗನ್ನಡದ್ದು, ಅತಿ ಪ್ರಾಚೀನವಾದುದು. ಬನವಾಸಿಯನ್ನು ನೆನೆಯುವ ಪಂಪನು ತೆಂಕಣಗಾಳಿಯ ಸುಖಸ್ಪರ್ಶಕ್ಕೆ ಬಳಸಿದ್ದು ಈ ಧಾತುವನ್ನೇ. ಬಿಂದು ಲೋಪಿಸಿದ ‘ಸೋಕು’ ಎಂಬ ರೂಪವು ‘ಕೈ ಸೋಕದಂತೆ’, ‘ಗಾಳಿ ಸೋಕಿದೆ’ ಎಂಬಲ್ಲಿ ಉಳಿದಿದೆ. ಈ ಎರಡನೆಯ ಗಾಳಿ ಭೂತಚೇಷ್ಟೆಯದು. ತೆಲುಗಿನ ‘ಸೋಕು’ ಕೂಡ ಇದೇ ಅರ್ಥದ್ದಾದುದರಿಂದ ಉಭಯಭಾಷೆಗಳನ್ನಾಡುವ ಪಾವಗಡದ ಮನೆಗಳಿಗೆ ಇದು ಎರಡೂ ಕಡೆಯ ಸೊತ್ತು. ದೇಶ್ಯ ಧಾತುವಿಗೆ ಸಂಸ್ಕೃತದ ‘ಇತ’ ಸೇರಿ ಹುಟ್ಟಿದ ‘ಸೋಂಕಿತ’ವನ್ನು ವೈಯಾಕರಣರು ಒಪ್ಪಲಾರರಾದರೂ ಬಳಕೆಯು ಅದನ್ನು ಗೆಲ್ಲಿಸಿದೆ.

ಆದರೆ ಸೋಂಕಿತನೆಂದರೆ ರೋಗಿಯೆಂದೇ ತಿಳಿಯುವುದು ತಪ್ಪು. 2020ರ ಜನವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯು ವರದಿಮಾಡಿದ, ವೂಹಾನಿಗೆ ಹೋಗಿಬಂದ ಷೆನ್‌ಜೆನ್ನಿನ ಕುಟುಂಬವೊಂದರಲ್ಲಿ, ಪ್ರಯಾಣವನ್ನೇ ಮಾಡದಿದ್ದವರೊಬ್ಬರಿಗೂ ವೈರಾಣು ತಗುಲಿದ್ದು ಮನುಷ್ಯನಿಂದ ಮನುಷ್ಯನಿಗೆ ಅದು ಹರಡುವುದನ್ನು ತೋರಿತು. ಜ್ವರ ಕೆಮ್ಮುಗಳಾವುವೂ ಇಲ್ಲದ 10 ವರ್ಷದ ಬಾಲಕನ ಸಿ.ಟಿ. ಸ್ಕ್ಯಾನಿನಲ್ಲಿಯಾದರೋ ಶ್ವಾಸಕೋಶದೊಳಗೆ ಮಬ್ಬುಗಾಜಿನಂಥ ಛಾಯೆಗಳು ಕಂಡುವು. ಲಕ್ಷಣವಿಲ್ಲದೆಯೂ ಸೋಂಕಿರುತ್ತದೆ, ‘ಮುಟ್ಟು’ ಎಂಬ ಮೂಲಾರ್ಥವು ಹೇಳುವುದೂ ಅಷ್ಟನ್ನೇ. ಆದುದರಿಂದ ಪತ್ರಿಕೆಗಳವರು ‘ಸೋಂಕು’, ‘ರೋಗ’ ಎಂಬೆರಡನ್ನೂ ಬೇರೆಬೇರೆಯಾಗಿಯೇ ಬರೆಯಬೇಕು.