ಬರಿಗಾಲಿನ ಗೋಲುಗಳು

ಸುಳ್ಯ ತಾಲೂಕಿನ ಅಜ್ಜಾವರದಂಥ ಊರುಗಳಲ್ಲಿ ಮಳೆಗಾಲದ ಗದ್ದೆಗಿಳಿದು ಚೆಂಡು ಒದೆಯುವ ಹುಡುಗರಿಗೆ ಬೂಟಿನ ಯೋಚನೆ ಇರುವುದಿಲ್ಲ. ಅದು ಬರೀ ಮೋಜಿನ ಆಟ. ಆದರೆ ಒಲಿಂಪಿಕ್ಸ್‌ನಂಥ ಜಾಗತಿಕ ಕೂಟದಲ್ಲೂ ಬರಿಗಾಲಲ್ಲೇ ಚೆಂಡು ಒದ್ದ ಕಾಲವೊಂದಿತ್ತು. ಆ ಕತೆಯ ಮುಖ್ಯ ಪಾತ್ರಧಾರಿಗಳು ಕರ್ನಾಟಕದವರೇ ಎಂಬುದು ಇಂದು ಎಷ್ಟು ಜನರಿಗೆ ನೆನಪಿದೆಯೋ!

1948ರ ಜುಲೈ 31. ಲಂಡನ್ ಸಮೀಪದ ಇಲ್‌ಫರ್ಡ್ ಮೈದಾನ. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡಕ್ಕೆ ಅದು ಮೊದಲ ಒಲಿಂಪಿಕ್ಸ್, ಎದುರಾಳಿ ಫ್ರಾನ್ಸ್. ನಮ್ಮ ಆಟಗಾರರಲ್ಲಿ ಬಹುಪಾಲು ಮಂದಿಯ ಕಾಲಲ್ಲಿ ಬೂಟಿರಲಿಲ್ಲ. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ಬೆಂಗಳೂರಿನ ಎಸ್. ರಾಮನ್ ಚೆಂಡನ್ನು ಬಲೆಗೆ ಸೇರಿಸಿ ಸಮ ಮಾಡಿದರು. ಇದು ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು. ಸಿಕ್ಕಿದ್ದ ಎರಡು ಪೆನಾಲ್ಟಿಗಳನ್ನು ಶೈಲೇನ್ ಮನ್ನಾ ಮತ್ತು ಮಹಾವೀರ್ ಪ್ರಸಾದ್ ಕೈಚೆಲ್ಲಿದರು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಆ ಎರಡು ಪೆನಾಲ್ಟಿಗಳಲ್ಲಿ ಒಂದಾದರೂ ಒಳಗೆ ಹೋಗಿದ್ದರೆ ಎಂದು ಹಳಬರು ಹಲುಬಿದ್ದರಲ್ಲಿ ತಪ್ಪೇನಿಲ್ಲ.

ಆ ತಂಡದಲ್ಲಿ ರಾಮನ್ ಒಬ್ಬರೇ ಬೆಂಗಳೂರಿನವರಲ್ಲ. ಗೋಲುರಕ್ಷಕ ವರದರಾಜ್, ಧನರಾಜ್, ಷಣ್ಮುಗಂ, ವಜ್ರವೇಲು ಮತ್ತು 21ರ ಹರೆಯದ ಅಹ್ಮದ್ ಖಾನ್ ಕೂಡ ಲಂಡನ್‌ಗೆ ಹೋಗಿದ್ದರು. ಇದಕ್ಕೆ ಕಾರಣ ದಂಡು ಪ್ರದೇಶ. ಬ್ರಿಟಿಷ್ ಸಿಪಾಯಿಗಳು ಅಲ್ಲಿ ಬೂಟು ಹಾಕಿ ಆಡುತ್ತಿದ್ದ ಆಟವನ್ನು ಹಲಸೂರು, ಆಸ್ಟಿನ್ ಟೌನ್‌ಗಳ ಹುಡುಗರು ಬರಿಗಾಲಲ್ಲಿ ಕಲಿತರು. ಚೆಂಡು ಕಾಲಿಗೆ ಅಂಟಿದಂತೆ ಇರಬೇಕಾದರೆ ಚರ್ಮಕ್ಕೆ ಚರ್ಮವೇ ತಗುಲಬೇಕು ಎಂಬುದು ಅವರ ಲೆಕ್ಕಾಚಾರ. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ಮೊದಲ ಬಾರಿ ಗೆದ್ದದ್ದೂ ಇದೇ ಪೀಳಿಗೆಯ ಕಾಲದಲ್ಲಿ, 1946-47ರಲ್ಲಿ.

ಲಂಡನ್‌ನಿಂದ ಮರಳಿದ ಅಹ್ಮದ್ 1949ರಲ್ಲಿ ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್ ಇದ್ದ ಮುಂಪಡೆಗೆ ಅಭಿಮಾನಿಗಳು ಇಟ್ಟ ಹೆಸರು 'ಪಂಚ ಪಾಂಡವರು'. ಅವರ ಬಲದಿಂದ ತಂಡ 1949, 1950 ಮತ್ತು 1951ರಲ್ಲಿ ಸತತವಾಗಿ ಐಎಫ್‌ಎ ಶೀಲ್ಡ್ ಗೆದ್ದಿತು. ಚೆಂಡನ್ನು ಕುಣಿಸಿ ಎದುರಾಳಿಯನ್ನು ಮರುಳುಗೊಳಿಸುತ್ತಿದ್ದ ಅಹ್ಮದ್ ಅವರನ್ನು ಹಾವಾಡಿಗ ಎಂದೇ ಕರೆದರು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಅಲ್ಲಿನ ಚಳಿಯಲ್ಲಿ ಬರಿಗಾಲಿನ ಕಲೆ ನಡೆಯಲಿಲ್ಲ. ಯುಗೋಸ್ಲಾವಿಯ 10-1ರಿಂದ ಸೋಲಿಸಿತು. ಆ ಒಂದು ಗೋಲು ಅಹ್ಮದ್ ಅವರದು. ಅದೂ ಪಂದ್ಯ ಮುಗಿಯುವ ಹೊತ್ತಿಗೆ. ಹೀಗೆ ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತ ಹೊಡೆದ ಎರಡೂ ಗೋಲುಗಳು ಬೆಂಗಳೂರಿನವರ ಕಾಲಿನಿಂದಲೇ ಬಂದವು. ಈ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ನಾಲ್ಕೇ ವರ್ಷಕ್ಕೆ, 1956ರಲ್ಲಿ, ಬೂಟು ತೊಟ್ಟ ಭಾರತ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯವನ್ನೇ 4-2ರಿಂದ ಮಣಿಸಿ ನಾಲ್ಕನೇ ಸ್ಥಾನ ಪಡೆಯಿತು. ಅಂದರೆ ಕಾಲಿನ ಕಸುವಿಗೆ ಕೊರತೆ ಇರಲಿಲ್ಲ.

ಅಹ್ಮದ್ 1959ರವರೆಗೂ ಈಸ್ಟ್ ಬೆಂಗಾಲ್‌ನಲ್ಲಿದ್ದರು. ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಹಲಸೂರಿನ ಗೌತಮಪುರದಲ್ಲಿ ಇಂದು ಬ್ರೆಜಿಲ್‌ನ ಪೆಲೆಯ ಪ್ರತಿಮೆಯಿದೆ. ಇಲ್‌ಫರ್ಡ್‌ನಲ್ಲಿ ರಾಮನ್ ಗೋಲು ಹೊಡೆದ ದಿನ ಪೆಲೆಗೆ ಇನ್ನೂ 8 ವರ್ಷ ತುಂಬಿರಲಿಲ್ಲ. ಅಹ್ಮದ್ ಖಾನ್ ತಮ್ಮ 90ನೇ ವಯಸ್ಸಿನಲ್ಲಿ, 2017ರ ಆಗಸ್ಟ್‌ನಲ್ಲಿ, ಬೆಂಗಳೂರಿನಲ್ಲೇ ತೀರಿಕೊಂಡರು.